ಉಸಿರು ನಿಧಾನ ಮಾಡುವ ಮದ್ದು

ಹಂಡೆಯ ನೀರು ಕುದಿದು ಉಕ್ಕುತ್ತಿದ್ದರೂ ಲಿಂಗಮ್ಮ ಒಲೆಯ ಸೌದೆಯನ್ನು ಹಿಂದಕ್ಕೆ ಎಳೆಯಲಿಲ್ಲ. ಬಗ್ಗಿದರೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೀಸೆ ಜಾರಿ ಬೀಳುತ್ತದೆಂಬ ಭಯ. ಒಂದು ಕೈಯಿಂದ ಸೀರೆಯ ಮಡಿಕೆಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ಚೊಂಬನ್ನು ನೀರಿಗೆ ಅದ್ದುವುದು, ತೆಗೆಯುವುದು, ಮತ್ತೆ ಅದ್ದುವುದು ಮಾಡುತ್ತಿದ್ದಳು.

"ಸರಿ ಅತ್ಲಾಗೆ, ನಾನು ತೆಗೀತೀನಿ," ಎಂದು ಓರಗಿತ್ತಿ ಮುತ್ತಮ್ಮ ಬಂದು ಕೊಳ್ಳಿಗಳನ್ನು ಎಳೆದು ನೀರು ಚಿಮುಕಿಸಿದಳು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ತಲೆ ಎತ್ತದೆ ಕೇಳಿದಳು: "ನೆನ್ನೆ ಸಂಜೆ ಅವನ ತಲೆದೆಸೇಲಿ ಕೆಂಪು ಚೀಟಿ ಅಂಟಿಸಿದ್ದ ಸೀಸೆ ಒಂದಿತ್ತಲ್ಲ. ಎಲ್ಲಿ ಹೋಯ್ತು ಅದು?"

"ಯಾವ ಸೀಸೆ, ಅಕ್ಕ?"

"ನಾನೇನು ಕುರುಡೀನ, ಲಿಂಗಿ?"

ಅಂಗಳದ ಚಪ್ಪರದಡಿ ಲಿಂಗಮ್ಮನ ಗಂಡ ಪುಟ್ಟರಾಜುವನ್ನು ಮಲಗಿಸಿದ್ದರು. ಹಣೆಗೆ ವಿಭೂತಿ, ಬಾಯಿಗೆ ಒಂದು ಎಲೆ ವೀಳ್ಯ. ಜೀವ ಇದ್ದಾಗ ಹಗಲಿರುಳು ಕೊಯ್ಯುವ ಗರಗಸದ ಹಾಗೆ ಸದ್ದು ಮಾಡುತ್ತಿದ್ದ ಆ ಎದೆ ಈಗ ಸುಮ್ಮನಿತ್ತು. ಸದ್ದಿಲ್ಲದ ಆ ಎದೆಯನ್ನು ನೋಡುವುದಕ್ಕೇ ಆಗದೆ ಲಿಂಗಮ್ಮ ಬೆಳಗಿನಿಂದ ಹಿತ್ತಲಲ್ಲೇ ಉಳಿದಿದ್ದಳು.

ಜಗಲಿಯ ಮೇಲೆ ಕೂತಿದ್ದವನು ಪುಟ್ಟರಾಜುವಿನ ಅಣ್ಣ ಕೃಷ್ಣಪ್ಪ. ಹಾಸನದ ಕಡೆಯಿಂದ ಬಂದು ಕೊಡಗಿನ ಫ್ರೇಜರ್‌ಪೇಟೆಯ ಸುತ್ತ ನೆಲ ಹಿಡಿದ ಕುಲದವರಿಗೆಲ್ಲ ಯಜಮಾನ. ಅವನ ಮುಂದೆ ಗುಣಿ ತೋಡುವ ಸುಬ್ಬ ಹಾರೆ ಊರಿಕೊಂಡು ನಿಂತಿದ್ದ.

"ಎಲ್ಲಿ ಅಗೀಲಿ, ಗೌಡ್ರೇ? ಬಿಸ್ಲು ಏರ್ತಾ ಅದೆ. ನೆಲ ಕಲ್ಲಾಗ್ಯದೆ."

"ತಡಿ."

"ಹಲಸಿನ ಮರದ ಕೆಳಗಾದ್ರೆ ಮಣ್ಣು ಮೆದು. ಹಳ್ಳದ ಆಚೆ ಆದ್ರೆ ಇನ್ನೊಂದಾಳು ಬೇಕು."

"ತಡಿ ಅಂದ್ನಲ್ಲ. ತಮ್ಮ ಕೆಲಸಕ್ಕಿದ್ದ ಹಣ್ಣಿನಾಫೀಸಿನ ಸಾಹೇಬ್ರು ಬರ್ಲಿ."

ಇದು ಹಿತ್ತಲಿಗೂ ಕೇಳಿಸಿತು. ಹಲಸಿನ ಮರದ ಕೆಳಗೆ ಅಣ್ಣತಮ್ಮಂದಿರ ತಂದೆ ತಾಯಿಯನ್ನು ಹೂತಿಟ್ಟ ಜಾಗ. ತಾಯಿಯ ಬಲಕ್ಕೆ ಪುಟ್ಟರಾಜು, ಅವನ ಪಕ್ಕಕ್ಕೆ ಮುಂದೆ ತಾನು. ಮಕ್ಕಳಿಲ್ಲದ ಲಿಂಗಮ್ಮ ಈ ಭೂಮಿಯ ಮೇಲೆ ತನ್ನದು ಎಂದುಕೊಂಡಿದ್ದದ್ದು ಅಷ್ಟು ಅಗಲವನ್ನೇ. ಹಳ್ಳದ ಆಚೆಯದು ಬೇರೆ ಮಾತು. ತಾವಾಗಿ ಪ್ರಾಣ ಕಳೆದುಕೊಂಡವರನ್ನು ಅಲ್ಲಿ ಇಡುತ್ತಿದ್ದರು. ತಮಟೆಯಿಲ್ಲ, ಮೂರನೇ ದಿನದ ಹಾಲುತುಪ್ಪವಿಲ್ಲ, ಎಡೆಗೆ ಕಾಗೆ ಕರೆಯುವವರಿಲ್ಲ. ದಾಯಾದಿಯೊಬ್ಬ ನೇಣು ಹಾಕಿಕೊಂಡಾಗ ಅವನ ತಾಯಿ ಹಳ್ಳದ ಈಚೆ ದಡದಲ್ಲಿ ನಿಂತು ಕೂಗಿದ್ದನ್ನು ಲಿಂಗಮ್ಮ ಕಂಡಿದ್ದಳು.

ಚಪ್ಪರದ ಹತ್ತಿರ ಯಾರೋ ತಗ್ಗಿದ ದನಿಯಲ್ಲಿ, "ಹಣ್ಣಿಗೆ ನಾಡಿ ಹಿಡಿಯೋನ್ಗೆ ತನ್ನ ನಾಡಿ ಸಿಕ್ಕಲಿಲ್ಲ ನೋಡು," ಎಂದರು.

"ಸುಮ್ಕಿರ್ಲಾ. ಹೆಣದ ಮುಂದೆ."

"ನಾನೇನು ಹೊಸದಾಗಿ ಅಂದ್ನ? ಅವನೇ ನಗ್ತಿದ್ದ ಹಾಗಂದ್ರೆ."

ನಿಜ, ಅವನೂ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಉಬ್ಬಸ. ಆದರೂ ನಗುತ್ತಿದ್ದ.

*

ಹೊಲದ ಧೂಳು ಅವನಿಗೆ ಆಗುತ್ತಿರಲಿಲ್ಲ. ರಾಗಿ ತೂರುವ ಕಾಲದಲ್ಲಿ ಕಣದ ಕಡೆ ಮುಖ ಹಾಕಿದರೂ ಸಾಕು, ಗೋಡೆಗೆ ಒರಗಿ ಕೂತುಬಿಡುತ್ತಿದ್ದ. ಅಣ್ಣನ ಆರಂಬದಲ್ಲಿ ಅರ್ಧ ಆಳಾಗಿ ಬದುಕುವುದಕ್ಕಿಂತ ಮೇಲು ಎಂದು, 'ಕೊಡಗು ರಾಜ್ಯ ಸರ್ಕಾರ' ಎಂದು ಹೊಸದಾಗಿ ಬರೆಸಿದ ಬೋರ್ಡು ನೇತುಹಾಕಿದ ಹಣ್ಣಿನಾಫೀಸಿಗೆ ಜವಾನನಾಗಿ ಸೇರಿಕೊಂಡ. ಕೊಡಗಿನ ಕಿತ್ತಳೆ, ಬಾಳೆ ಲಾರಿಯಲ್ಲಿ ದೂರದ ಊರು ಸೇರುವ ಹೊತ್ತಿಗೆ ಕೊಳೆಯುವುದು ಯಾಕೆ ಎಂದು ನೋಡುವುದು ಆ ಆಫೀಸಿನ ಕೆಲಸ. ಬಾಳೆಕಾಯಿಯನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ತೊಳೆದು, ಗಾಜಿನ ಬುರುಡೆಗಳಿಗೆ ಹಾಕಿಕೊಡುವುದು ಪುಟ್ಟರಾಜುವಿನ ಕೆಲಸ.

ಸೇರಿದ ಹೊಸದರಲ್ಲಿ ಒಂದು ಸಂಜೆ ಬಂದವನೇ ಕಾಲೂ ತೊಳೆಯದೆ ಹೇಳಿದ: "ಲಿಂಗಿ, ಕಾಯಿ ಉಸಿರಾಡ್ತದೆ ಕಣೆ."

"ದಾರೀಲಿ ಯಾವ ಹೆಂಡದಂಗಡಿ ಹೊಕ್ಕಿದ್ರಿ?"

"ದೇವರಾಣೆಗೂ. ಗೊನೆ ಕಡಿದ ಮೇಲೂ ಆಡ್ತದೆ. ಬುರುಡೆಗೆ ಹಾಕಿ ಬೆಚ್ಚನೆ ನೀರಲ್ಲಿ ತೊಟ್ಟಿಲ ಹಾಗೆ ತೂಗ್ತಾರೆ. ಬುರುಡೆಗೊಂದು ಕೊಳವೆ, ಕೊಳವೇಲಿ ಬಣ್ಣದ ನೀರು. ಕಾಯಿ ಉಸಿರು ಎಳಕೊಂಡ ಹಾಗೆಲ್ಲ ಆ ನೀರು ಸರೀತದೆ. ಕಣ್ಣಾರೆ ಕಂಡೆ."

"ಮೂಗು ಎಲ್ಲದೆ ಅದಕ್ಕೆ?"

ಅವನು ಇದಕ್ಕೆ ನಗಲಿಲ್ಲ. ಮಾರನೆಯ ದಿನ ಸಾಹೇಬರನ್ನು ಕೇಳಿಕೊಂಡು ಬಂದು, ಊಟಕ್ಕೆ ಕೂತಾಗ ಉತ್ತರ ಹೇಳಿದ: "ಮೈಯೆಲ್ಲಾ ಮೂಗೇ ಅಂತೆ."

ಆಮೇಲೆ ದಿನವೂ ಅದೇ ಸುದ್ದಿ. ಹಸಿಕಾಯಿ ಮೆಲ್ಲಗೆ ಉಸಿರಾಡುತ್ತದೆ, ಹಣ್ಣಾಗುವ ಹೊತ್ತು ಹತ್ತಿರವಾದಂತೆ ಉಸಿರು ಏರುತ್ತದೆ, ಏರಿ ಏರಿ ಆಮೇಲೆ ಇಳಿಯುತ್ತದೆ, ಇಳಿದ ಮೇಲೆ ಕೊಳೆಯುವುದೇ. "ಹಣ್ಣಾಗೋವಾಗ ಏದುಸಿರು ಬಿಡ್ತದೆ ಕಣೆ, ನನ್ನ ಥರಾನೇ," ಎಂದ ಒಂದು ದಿನ. ಹೇಳಿ ಎದೆಯ ಮೇಲೆ ಕೈಯಿಟ್ಟು ತನ್ನ ಉಸಿರನ್ನು ಎಣಿಸತೊಡಗಿದ. ಲಿಂಗಮ್ಮನಿಗೆ ಆ ಎಣಿಕೆ ಇಷ್ಟವಾಗಲಿಲ್ಲ.

ಸೀಸೆಯ ಮಾತು ಬಂದದ್ದು ಮಳೆಗಾಲ ಕಳೆದ ಮೇಲೆ. ಬುರುಡೆಗೆ ಏನೋ ಮದ್ದು ಬಿಟ್ಟು ನೋಡುತ್ತಾರಂತೆ. "ಹಸಿಕಾಯಿ ಬಿಲ್ಲೆಗೆ ಒಂದು ತೊಟ್ಟು ಬಿಟ್ಟರೆ ಕೊಳವೆ ನೀರು ನಿಂತೇ ಹೋಯ್ತದೆ. ಹಣ್ಣಾದ್ದಕ್ಕೆ ಬಿಟ್ಟರೆ ಹಾಗೆ ನಿಲ್ಲಲ್ಲ. ನಿಧಾನ ಆಯ್ತದೆ, ಅಷ್ಟೇ." ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಹಾಕಿ, ಮಾತನ್ನು ಮತ್ತೆ ಹೇಳಿದ: "ಹಣ್ಣಾದ್ದಕ್ಕೆ ನಿಧಾನ ಆಯ್ತದೆ."

*

ಹಣ್ಣಿನಾಫೀಸಿನ ಸಾಹೇಬ ಸೋಮಯ್ಯ ಸೈಕಲ್ ತಳ್ಳಿಕೊಂಡು ಬಂದ. ಇನ್ನೂ ಮೂವತ್ತು ತುಂಬದ ಮನುಷ್ಯ, ಅಮ್ಮತ್ತಿ ಕಡೆಯವನು. ಹ್ಯಾಂಡಲ್ಲಿಗೆ ಹೂವಿನ ಹಾರ, ಹಿಂದೆ ಒಂದು ಚಿಪ್ಪು ಬಾಳೆಹಣ್ಣು. ಹಾರವನ್ನು ಹಾಕಿದ. ಹಣ್ಣನ್ನು ಹೆಣದ ತಲೆಯ ಬಳಿ ಇಡಹೋದಾಗ ಮುತ್ತಮ್ಮ ಅಡ್ಡ ಬಂದಳು.

"ಬೇಡಿ ಸಾಮಿ. ನಿಮ್ಮಾಫೀಸಿನ ಹಣ್ಣು ಇಲ್ಲಿ ಯಾರೂ ಮುಟ್ಟಲ್ಲ."

"ಇದು ಸಂತೆಯಲ್ಲಿ ಕೊಂಡದ್ದಮ್ಮ."

"ಯಾವುದಾದ್ರೂ ಸರಿ."

ಅವನು ಚಿಪ್ಪನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ಹಿತ್ತಲಿಗೆ ಬಂದ. ಲಿಂಗಮ್ಮ ಬಣವೆಯ ಮರೆಗೆ ಸರಿದಳು. ಅವನೂ ಸರಿದ. ಹತ್ತಿರದಿಂದ ನೋಡಿದರೆ ಅವನ ಮುಖ ಅವಳ ಮುಖಕ್ಕಿಂತ ಬಿಳಿಚಿತ್ತು.

"ಅಮ್ಮ, ಬೀರುವಿನಲ್ಲಿ ಒಂದು ಸೀಸೆ ಕಡಿಮೆ ಇದೆ."

ಅವಳು ಸೊಂಟದಿಂದ ತೆಗೆದುಕೊಟ್ಟಳು. ಅವನು ಬೆಳಕಿಗೆ ಹಿಡಿದು ನೋಡಿ, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

"ಯಾಕೆ ಹೀಗೆ ಮಾಡಿಕೊಂಡ? ಕಷ್ಟ ಇದ್ದರೆ ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತು."

ಸಾಯಲೆಂದೇ ಕುಡಿದ ಎಂದು ಎಲ್ಲರೂ ಅಂದುಕೊಂಡ ಹಾಗೆ ಇವನೂ ಅಂದುಕೊಂಡಿದ್ದ. ಲಿಂಗಮ್ಮನ ನಾಲಿಗೆಯ ತುದಿಗೆ ಬಂದದ್ದು ಬೇರೆ. ಆದರೆ ಕೇಳಿದ್ದು ಇಷ್ಟು:

"ಆ ಮದ್ದು ಹಾಕಿದ್ರೆ ಕಾಯಿ ಉಳೀತದೆ ಅಲ್ವಾ ಸಾಮಿ?"

"ಉಳಿಸೋಕೆ ಹಾಕೋ ಮದ್ದಲ್ಲಮ್ಮ ಅದು. ಉಸಿರಾಟ ಒಳಗೆ ಹೇಗೆ ನಡೆಯುತ್ತದೆ ಅಂತ ತಿಳಿಯೋಕೆ. ಒಂದು ಕಡೆ ತಡೆದು ನೋಡೋದು, ಎಲ್ಲಿ ನಿಲ್ಲುತ್ತದೆ ಅಂತ."

"ನೀವೇ ಅಂದಿದ್ರಂತೆ. ಉಸಿರು ತಗ್ಗಿದ್ರೆ ಹಣ್ಣು ಬಾಳಿಕೆ ಬತ್ತದೆ, ಮದ್ರಾಸಿಗೂ ಕಳಿಸಬೌದು ಅಂತ. ಮಡಿಕೇರಿ ದೊಡ್ಡಾಫೀಸಿನೋರು ನೋಡಕ್ಕೆ ಬಂದಿದ್ರಂತಲ್ಲ, ಅವತ್ತು."

ಸೋಮಯ್ಯ ಕೈಯಲ್ಲಿದ್ದ ಹಣ್ಣಿನ ಚಿಪ್ಪನ್ನು ನೋಡಿದ. "ಅದು ತಣ್ಣಗಿನ ಕೋಣೆಯಲ್ಲಿ ಇಟ್ಟರೆ ಅಂತ ಹೇಳಿದ್ದು," ಎಂದ ನಿಧಾನವಾಗಿ. "ಅವನು ಆಗ ನೀರು ತರೋಕೆ ಹೋಗಿದ್ದನೋ ಏನೋ."

ಬಣವೆಯ ಆಚೆ ಕೆಮ್ಮಿದ ಸದ್ದು. ಕೃಷ್ಣಪ್ಪ ಬಂದು ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ, ಮುಖದಲ್ಲಿ ತಿಳಿಯುವ ಹಾಗಿರಲಿಲ್ಲ.

"ಸೀಸೆ ಒಂದಿತ್ತು ಅಂತಾಳೆ ನಮ್ಮನೆಯೋಳು. ನಿಮ್ಮಾಫೀಸಿಂದು. ಏನಿತ್ತು ಅದರಲ್ಲಿ?"

"ಏನೂ ಇಲ್ಲ. ತೊಳೆದ ಖಾಲಿ ಸೀಸೆ. ಸೀಮೆಎಣ್ಣೆ ಇಡೋಕೆ ಬೇಕು ಅಂತ ಕೇಳಿದ್ದ, ನಾನೇ ಕೊಟ್ಟೆ."

"ಪೊಲೀಸು ಗಿಲೀಸು ಅಂತ ನಾಳೆ ಯಾರಾದ್ರೂ ಬಂದ್ರೆ?"

"ಉಬ್ಬಸದ ಮನುಷ್ಯ. ಉಬ್ಬಸದಲ್ಲೇ ಹೋದ. ಯಾರು ಬಂದರೂ ನಾನು ಅದನ್ನೇ ಹೇಳುತ್ತೇನೆ."

ಕೃಷ್ಣಪ್ಪ ಅವನನ್ನೂ ತಮ್ಮನ ಹೆಂಡತಿಯನ್ನೂ ಒಮ್ಮೆ ನೋಡಿ ಅಂಗಳಕ್ಕೆ ಹೋದ. ಅವನ ದನಿ ಕೇಳಿಸಿತು: "ಸುಬ್ಬ, ಹಲಸಿನ ಮರದ ಕೆಳಗೆ ಅಗಿ. ಅವ್ವನ ಬಲಕ್ಕೆ. ಪಕ್ಕಕ್ಕೆ ಇನ್ನೊಂದಾಳಿಗೆ ಜಾಗ ಬಿಟ್ಕೊಂಡು ಅಗಿ."

ಲಿಂಗಮ್ಮ ಬಣವೆಗೆ ಒರಗಿದಳು. ಆಗಿಹೋಯಿತು. ಬಾಯಿ ಬಿಡದಿದ್ದರೆ ಸಾಕು. ಅವನಿಗೆ ಅವನ ಜಾಗ, ತನಗೆ ತನ್ನದು.

*

ಮನುಷ್ಯನಿಗೆ ಇಷ್ಟು ಉಸಿರು ಎಂದು ದೇವರು ಎಣಿಸಿಯೇ ಕಳಿಸಿರುತ್ತಾನೆ ಎಂದು ಪುಟ್ಟರಾಜುವಿನ ತಾಯಿ ಹೇಳುತ್ತಿದ್ದಳಂತೆ. ಹಾಗಿದ್ದರೆ ಮಿಕ್ಕವರು ಒಂದು ಉಸಿರು ಖರ್ಚು ಮಾಡುವ ಹೊತ್ತಿಗೆ ತನ್ನದು ಮೂರೋ ನಾಲ್ಕೋ ಮುಗಿಯುತ್ತಿದೆ. ಈ ಯೋಚನೆ ಅವನನ್ನು ಹೊಕ್ಕ ಮೇಲೆ ಬಿಡಲಿಲ್ಲ. ಸೀಸೆಯನ್ನು ತಂದವನು ನೇರ ಬಾಯಿಗೆ ಹಾಕಿಕೊಳ್ಳುವಷ್ಟು ದಡ್ಡನೂ ಆಗಿರಲಿಲ್ಲ. ಒಂದೇ ಚಿಪ್ಪಿನ ಎರಡು ಬಾಳೆಕಾಯಿ ಮುರಿದು, ಒಂದರ ತೊಟ್ಟಿಗೆ ಕಡ್ಡಿಯಿಂದ ಚುಚ್ಚಿ ಮದ್ದು ಬಿಟ್ಟ. ಎರಡನ್ನೂ ಎರಡು ಮಡಕೆಯಲ್ಲಿ ಹುಲ್ಲು ಹಾಸಿ ಅಟ್ಟದ ಮೇಲಿಟ್ಟ. ಮದ್ದಿಲ್ಲದ್ದು ಹಳದಿಯಾಯಿತು, ಚುಕ್ಕೆ ಬಿತ್ತು, ನೊಣ ಕೂತಿತು. ಮದ್ದು ಬಿಟ್ಟದ್ದು ಕಡಿದ ದಿನ ಹೇಗಿತ್ತೋ ಹಾಗೇ ಹಸಿರಾಗಿತ್ತು.

ದಿನವೂ ಏಣಿ ಹತ್ತಿ ನೋಡುತ್ತಿದ್ದವಳು ಲಿಂಗಮ್ಮ. ಅವನಿಗೆ ಹತ್ತುವ ಶಕ್ತಿ ಇರಲಿಲ್ಲ.

"ಇನ್ನೂ ಹಸಿರೇ?"

"ಹಸಿರೇ."

"ನೋಡೋಣ ಇರು. ಇನ್ನೊಂದು ವಾರ ನೋಡೋಣ," ಎನ್ನುತ್ತಿದ್ದ. ಹೆದರುತ್ತಿದ್ದದ್ದು ಅವನು. ಅವಳಿಗೆ ಹೆದರಿಕೆಯೇ ಆಗಲಿಲ್ಲ. ನಿನ್ನೆ ಬೆಳಗಿನಿಂದ ಉಬ್ಬಸ ಏರಿ, ಮಂಡಿಯ ಮೇಲೆ ಕೈ ಊರಿ, ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದವನನ್ನು ನೋಡಲಾರದೆ ಅವಳೇ ಅಂದಳು: "ಇವತ್ತು ತಗೊಳ್ಳಿ."

"ಕಾಯಿಗಾದ್ರೆ ನಿಂತೇ ಹೋಯ್ತದೆ, ಲಿಂಗಿ."

"ನೀವೇನು ಕಾಯಿಯಾ? ತಲೆ ನೋಡ್ಕೊಳ್ಳಿ, ಬೆಳ್ಳಗಾಗ್ಯದೆ."

ಅದಕ್ಕೂ ಅವನು ನಕ್ಕ. ಅವನ ಎರಡೂ ಕೈ ಮಂಡಿಗೆ ಊರಿದ್ದರಿಂದ ಬೆಲ್ಲದ ನೀರಿಗೆ ಬೆರೆಸಿದ್ದು ಅವಳು, ಲೋಟವನ್ನು ತುಟಿಗೆ ಹಿಡಿದದ್ದೂ ಅವಳು. ಮೊದಲು ಉಸಿರು ಇನ್ನೂ ಜೋರಾಯಿತು. ಅವನು ಚಾಪೆಯನ್ನು ಕೆರೆದ. ಅವಳು ಎದೆ ನೀವುತ್ತಾ ಕೂತಳು. ಆಮೇಲೆ ನಿಜವಾಗಿಯೂ ನಿಧಾನವಾಯಿತು. ಒಂದು ಉಸಿರು. ತುಂಬ ಹೊತ್ತು ಬಿಟ್ಟು ಇನ್ನೊಂದು. ಗರಗಸದ ಸದ್ದು ನಿಂತಿತು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಹೊರಗಿನ ಗುಬ್ಬಚ್ಚಿಯ ದನಿ ಕೇಳಿಸಿತು. ಫಲಿಸಿತು ಅಂದುಕೊಂಡು ಅವಳು ಯಾರನ್ನೂ ಕರೆಯಲಿಲ್ಲ. ನಿದ್ದೆ ಕೆಡಬಾರದೆಂದು ಕದ ಮುಂದೆ ಮಾಡಿ, ಸಂಜೆಗೆ ಮುತ್ತಮ್ಮ ಮಜ್ಜಿಗೆ ಕೇಳಿಕೊಂಡು ಬರುವವರೆಗೆ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

*

ಚಟ್ಟ ಎದ್ದಿತು. ತಮಟೆ ಮುಂದೆ, ಪುರಿ ಎರಚುವವರು ಅದರ ಹಿಂದೆ. ಹಲಸಿನ ಮರದ ದಾರಿಯ ನಡುವೆ ಇಳಿಸುವ ಕಲ್ಲು. ಹೆಂಗಸರು ಅಲ್ಲಿಯವರೆಗೆ ಮಾತ್ರ. ಆ ಕಲ್ಲಿನ ಮೇಲೆ ಚಟ್ಟ ಇಳಿಸಿ, ಹತ್ತಿಯ ಎಳೆಯೊಂದನ್ನು ಮೂಗಿನ ಹತ್ತಿರ ಹಿಡಿದು, ಕಿವಿಯಲ್ಲಿ ಮೂರು ಸಲ ಹೆಸರು ಹಿಡಿದು ಕೂಗಬೇಕು. ಎಳೆ ಅಲುಗದಿದ್ದರೆ, ಓ ಎನ್ನದಿದ್ದರೆ, ಮುಂದಕ್ಕೆ. ಅದು ಹಿಂದಿನಿಂದ ಬಂದದ್ದು. ಯಾರೂ ಉತ್ತರಕ್ಕೆ ಕಾಯುವವರಲ್ಲ.

ತಮಟೆ ನಿಂತಿತು. ಕೃಷ್ಣಪ್ಪ ಬಗ್ಗಿ ಎಳೆ ಹಿಡಿದ.

"ಪುಟ್ಟರಾಜು."

ಸೋಮಯ್ಯ ಟೋಪಿ ತೆಗೆದು ಪಕ್ಕಕ್ಕೆ ನಿಂತಿದ್ದ.

"ಪುಟ್ಟರಾಜು."

ಹತ್ತಿಯ ಎಳೆ ಅಲುಗಿತು. ಹೊಲದ ಮೇಲಿಂದ ಬಿಸಿಗಾಳಿ ಬೀಸಿದ್ದು ಎಲ್ಲರಿಗೂ ಗೊತ್ತಾಯಿತು. ಹೆಂಗಸರ ಸೆರಗೂ ಅಲುಗಿತ್ತು. ಲಿಂಗಮ್ಮನಿಗೆ ಮಾತ್ರ ಎಳೆಯೊಂದೇ ಕಂಡಿತು.

"ಪುಟ್ಟರಾಜು," ಎಂದು ಮೂರನೆಯದನ್ನೂ ಕೂಗಿ ಕೃಷ್ಣಪ್ಪ ಸೊಂಟ ನೆಟ್ಟಗೆ ಮಾಡಿದ. "ಎತ್ತಿ."

"ಭಾವ, ಇನ್ನೊಂದು ಸಲ ನೋಡಿ."

"ಆಯ್ತಲ್ಲವ್ವ. ಮೂರು ಸಲ ಆಯ್ತು."

"ಸ್ವಲ್ಪ ಹೊತ್ತು ಹಿಡೀರಿ. ಈಗಿಂದೀಗಲೇ ಗೊತ್ತಾಗಲ್ಲ. ಉಸಿರು ನಿಧಾನ ಆಗ್ಯದೆ ಅವ್ರಿಗೆ." ಮಾತು ಅವಳ ಹಿಡಿತದಲ್ಲಿ ಇರಲಿಲ್ಲ. "ಆ ಮದ್ದು ನಿಧಾನ ಮಾಡ್ತದೆ. ಹಣ್ಣಾದ್ದಕ್ಕೆ ನಿಲ್ಸಲ್ಲ, ನಿಧಾನ ಮಾಡ್ತದೆ ಅಷ್ಟೇ. ಅವ್ರು ಸಾಯಕ್ಕೆ ಕುಡೀಲಿಲ್ಲ ಭಾವ, ಬದುಕಕ್ಕೆ ಕುಡಿದ್ರು. ನಾನೇ ಬೆರೆಸಿಕೊಟ್ಟೆ. ಇವತ್ತು ತಗೊಳ್ಳಿ ಅಂತ ನಾನೇ ಅಂದೆ. ಹಿಡೀರಿ ಇನ್ನೊಂದು ಸಲ."

ಅವಳ ಭುಜದ ಮೇಲಿದ್ದ ಮುತ್ತಮ್ಮನ ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು.

ಕೃಷ್ಣಪ್ಪ ಸೋಮಯ್ಯನ ಕಡೆ ತಿರುಗಿದ. "ಖಾಲಿ ಸೀಸೆ ಅಂದ್ರಿ."

"ಖಾಲಿ ಸೀಸೆ," ಎಂದ ಸೋಮಯ್ಯ. ಅವನ ಕೈ ಜೇಬಿನ ಮೇಲಿತ್ತು. "ದುಃಖದಲ್ಲಿ ಏನೋ ಹೇಳ್ತಿದ್ದಾರೆ."

ಕೃಷ್ಣಪ್ಪ ಮತ್ತೆ ಬಗ್ಗಿದ. ಈ ಸಲ ಇನ್ನೊಂದು ಕೈಯನ್ನು ಗಾಳಿಗೆ ಮರೆ ಮಾಡಿ ಎಳೆ ಹಿಡಿದ. ಶಾಸ್ತ್ರಕ್ಕೆ ಹಿಡಿದ ಹಾಗಿರಲಿಲ್ಲ ಅದು. ಮಂಡಿಯೂರಿ, ತನ್ನ ಉಸಿರನ್ನು ಪಕ್ಕಕ್ಕೆ ಬಿಡುತ್ತಾ, ಎಳೆಯನ್ನೇ ನೋಡುತ್ತಾ ಕಾದ. ಚಟ್ಟ ಹೊತ್ತವರು ಭುಜ ಒರೆಸಿಕೊಂಡರು. ತಮಟೆಯವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ. ಬಿಸಿಲು ಹೆಣದ ಮುಖಕ್ಕೆ ಬಂತು. ಕೃಷ್ಣಪ್ಪ ಇನ್ನೂ ಕಾದ. ಅಣ್ಣತಮ್ಮಂದಿರ ಮುಖ ಅಷ್ಟು ಹತ್ತಿರವಾದದ್ದನ್ನು ಆ ಊರು ಕಂಡಿರಲಿಲ್ಲ.

ಎಳೆ ಅಲುಗಲಿಲ್ಲ.

ಅವನು ಅದನ್ನು ಕಲ್ಲಿನ ಮೇಲೆ ಬಿಟ್ಟು ಎದ್ದ. "ಎತ್ತಿ," ಎಂದ. ಲಿಂಗಮ್ಮನ ಹತ್ತಿರ ಹಾದುಹೋಗುವಾಗ ಅವಳಿಗೆ ಮಾತ್ರ ಕೇಳುವಂತೆ ಹೇಳಿದ: "ಅವನ್ನ ಅವ್ವನ ಪಕ್ಕವೇ ಇಡ್ತೀನಿ. ನೀನು ಮನೆಗೆ ಹೋಗು."

ಹೆಂಗಸರು ಗುಂಪಾಗಿ ಹಿಂದಿರುಗಿದರು. ಲಿಂಗಮ್ಮ ಒಬ್ಬಳೇ ಹಿಂದೆ ಉಳಿದು, ಕಲ್ಲಿನ ಮೇಲಿದ್ದ ಹತ್ತಿಯ ಎಳೆಯನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

*

ಮಣ್ಣು ಮುಗಿಸಿ ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದು ಮನೆಯವಳ ಕೆಲಸ. ಅವಳು ಬಾಗಿಲಲ್ಲಿ ಚೊಂಬು ಹಿಡಿದು ನಿಂತಳು. ಗಂಡಸರು ದೂರದಲ್ಲೇ ತೊಟ್ಟಿಯ ನೀರು ಮೊಗೆದುಕೊಂಡು ಹೋದರು. ಮುತ್ತಮ್ಮ ಒಳಗೆ ಬಂದು, ಅವನು ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು, ಕುಡಿಯಲು ತಾನೇ ಕೊಡದಿಂದ ನೀರು ಬಗ್ಗಿಸಿಕೊಂಡಳು. "ಬರ್ತೀನಿ," ಎಂದಳು. ಲಿಂಗಿ ಎಂದು ಹೆಸರು ಹೇಳಲಿಲ್ಲ.

ಕೊನೆಗೆ ಬಂದವನು ಸುಬ್ಬ. ಹಾರೆಯನ್ನು ಗೋಡೆಗೆ ಒರಗಿಸಿ ಎರಡು ಕೈಯೊಡ್ಡಿ ಅವಳ ಚೊಂಬಿನ ನೀರು ಹಿಡಿದ.

"ಚೆನ್ನಾಗಾಯ್ತಾ, ಸುಬ್ಬ?"

"ಚೆನ್ನಾಗಾಯ್ತವ್ವ. ನರಿ ಕೆದಕದ ಹಾಗೆ ಕಲ್ಲು ಹೇರಿದ್ವಿ."

ಅವನು ಹೋಗದೆ ನಿಂತ. ಒದ್ದೆ ಕೈಯನ್ನು ಪಂಚೆಗೆ ಒರೆಸಿದ, ಮತ್ತೆ ಒರೆಸಿದ.

"ಪಕ್ಕಕ್ಕೆ ಬಿಟ್ಟಿದ್ದ ಜಾಗಕ್ಕೂ ಹೇರಿಸಿದ್ರವ್ವ, ಗೌಡ್ರು. ದೊಡ್ಡ ಕಲ್ಲು."

ಅವಳು ಆಗಲಿ ಎನ್ನುವ ಹಾಗೆ ತಲೆಯಾಡಿಸಿದಳು.

ಬಾಗಿಲು ಮುಂದೆ ಮಾಡಿ, ಏಣಿ ಇಟ್ಟು ಅಟ್ಟ ಹತ್ತಿದಳು. ಸಂಜೆಯ ಬೆಳಕು ಹಂಚಿನ ಸಂದಿಯಿಂದ ಬೀಳುತ್ತಿತ್ತು. ಒಂದು ಮಡಕೆಯಲ್ಲಿ ಹುಲ್ಲಿಗೆ ಅಂಟಿದ ಕಪ್ಪು ಸಿಪ್ಪೆ, ಅದರ ಸುತ್ತ ನೊಣ. ಇನ್ನೊಂದರಲ್ಲಿ ಮದ್ದು ಬಿಟ್ಟ ಕಾಯಿ ಹಸಿರಾಗಿಯೇ ಇತ್ತು. ಎತ್ತಿಕೊಂಡಾಗ ಅವಳ ಹೆಬ್ಬೆರಳು ಸಿಪ್ಪೆಯ ಒಳಕ್ಕೆ ಇಳಿದುಹೋಯಿತು. ಬೆರಳನ್ನು ಅವಳು ನೋಡಲಿಲ್ಲ.

ಕಾಯಿಯನ್ನು ಮಡಿಲಿಗಿಟ್ಟುಕೊಂಡು ಸೆರಗಿನ ಗಂಟು ಬಿಚ್ಚಿದಳು. ಮೈಯೆಲ್ಲಾ ಮೂಗೇ ಎಂದಿದ್ದ. ಎಲ್ಲಿ ಹಿಡಿದರೂ ಆದೀತು. ಹತ್ತಿಯ ಎಳೆಯನ್ನು ತೊಟ್ಟಿನ ಹತ್ತಿರ ಹಿಡಿದು, ತನ್ನ ಉಸಿರು ತಾಗದ ಹಾಗೆ ಸೆರಗನ್ನು ಬಾಯಿಗೂ ಮೂಗಿಗೂ ಒತ್ತಿಕೊಂಡು, ಅವಳು ಕಾಯುತ್ತಾ ಕೂತಳು.